ಇಟಾಲಿಯನ್ ಕಲಿಯೋರು ಉಪ್ಪಿನ ಡಬ್ಬಿಯಿಂದ ಶುರು ಮಾಡಿ
ಗಂಗಾವತಿ ಕಡೆಯ ಗೆಳೆಯರೇ, ಇಟಾಲಿಯನ್ ಕಲಿಯುವ ಆಸೆ ಇದ್ದರೆ ಮೊದಲೇ ದುಡ್ಡು ಕೊಟ್ಟು ಕೋರ್ಸ್ ಸೇರಬೇಡಿ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿ. ಅಕ್ಕಿಗೆ ರೀಸೊ, ಹಾಲಿಗೆ ಲಾತ್ತೆ, ಉಪ್ಪಿಗೆ ಸಾಲೆ. ನಮ್ಮವ್ವ ನೋಡಿ, "ಉಪ್ಪಿನ ಡಬ್ಬಿಗ್ಯಾಕ ಸಾಲಿ ಅಂತ ಬರದೀ?" ಅಂದಳು. ನಮ್ಮ ಕಡೆ ಸಾಲಿ ಅಂದರೆ ಶಾಲೆ ಅಲ್ವಾ! ಆ ಪದ ಇವತ್ತಿಗೂ ಮರೆತಿಲ್ಲ.

ಚೀಟಿಯನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಅವರ ಪದಗಳೂ ಹೆಚ್ಚಾಗಿ ನಮ್ಮ ಹಾಗೇ ಸ್ವರದಲ್ಲಿ ಮುಗಿಯುತ್ತವೆ. ಒತ್ತು ಮಾತ್ರ ನುಂಗಬೇಡಿ. ಪೆನ್ನಾ ಅಂದರೆ ಪೆನ್ನು, ಪೇನಾ ಅಂದರೆ ಸಂಕಟ. ಕಪ್ಪೆಲ್ಲೊ ಟೋಪಿ, ಕಪೆಲ್ಲೊ ಕೂದಲು. ಇಂಗ್ಲಿಷ್‌ನವರು ಇಲ್ಲೇ ಒದ್ದಾಡುತ್ತಾರೆ. ಹುಟ್ಟಿದಾಗಿನಿಂದ ಅಪ್ಪ, ಅಕ್ಕ ಅನ್ನುವ ನಮಗೆ ಇದೇನು ಮಹಾ?

ಎಣಿಕೆಗೆ ಅಂಜನಾದ್ರಿ ಬೆಟ್ಟ ಇದ್ದೇ ಇದೆ, 575 ಮೆಟ್ಟಿಲು. ಉನೊ, ದುಯೆ, ತ್ರೆ ಅಂತ ಹತ್ತಿ. 20ಕ್ಕೆ ವೆಂತಿ ಅಂದು ಮತ್ತೆ ಒಂದರಿಂದ ಶುರು ಮಾಡಿ. ನನಗೆ 11ರ ಉಂದಿಚಿ, 12ರ ದೋದಿಚಿ ಜಾಸ್ತಿ ತಡವರಿಸುತ್ತಿದ್ದವು. ಏದುಸಿರು ಬಂದರೆ ಸುಮ್ನೆ ಹತ್ತಿಬಿಡಿ, ಇಳಿಯುವಾಗ ಎಣಿಸಿದರಾಯಿತು.

ಗ್ರಾಮರ್ ಪುಸ್ತಕವನ್ನು ತಿಂಗಳು ಬಿಟ್ಟು ತೆಗೆದರೂ ನಡೆಯುತ್ತದೆ.