ಅನ್ನ ಬಿಟ್ಟು ಬಂದ ಕೆಂಚಿ

ಮೈಸೂರಿನ ನಮ್ಮ ಬೀದಿಯ ನಾಯಿ ಕೆಂಚಿಗೆ ತಿಂಗಳುಗಟ್ಟಲೆ ಅನ್ನ ಹಾಕಿದ್ದೆ. ಆದರೂ ನಾನು ಗೇಟು ಎಳೆದುಕೊಂಡು ಒಳಗೆ ಹೋಗುವವರೆಗೆ ಅವಳು ತಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಕಿವಿಯಲ್ಲೊಂದು ಕಚ್ಚು ಇದೆ, ಸಂತಾನಹರಣ ಚಿಕಿತ್ಸೆ ಆದ ಗುರುತು. ಒಮ್ಮೆ ಬಲೆಗೆ ಬಿದ್ದ ಪ್ರಾಣಿ ಮನುಷ್ಯರ ಕೈ ನೋಡಿ ಹೆದರದೆ ಇರುತ್ತದೆಯೇ?

ನಾನು ಮಾಡಿದ್ದು ಇಷ್ಟೇ. ಸಂಜೆ ಮೆಟ್ಟಿಲ ಮೇಲೆ ಅವಳಿಗೆ ಪಕ್ಕ ತಿರುಗಿ ಕೂರುತ್ತಿದ್ದೆ, ಪೇಪರ್ ಓದುತ್ತಲೋ ಅವರೆಕಾಯಿ ಸುಲಿಯುತ್ತಲೋ. ಕಣ್ಣಿಟ್ಟು ನೋಡುತ್ತಿರಲಿಲ್ಲ, ಪರಿಚಯವಿಲ್ಲದ ನಾಯಿಯನ್ನು ದುರುಗುಟ್ಟಿ ನೋಡಿದರೆ ಜಗಳಕ್ಕೆ ನಿಂತ ಹಾಗೆ. ಅವಳು ಸುಮ್ಮಸುಮ್ಮನೆ ತುಟಿ ನೆಕ್ಕಿಕೊಂಡರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಇನ್ನೂ ಭಯ ಹೋಗಿಲ್ಲ ಅಂತ ಲೆಕ್ಕ. ಆಗ ನಾನೇ ಮೆಲ್ಲಗೆ ಎದ್ದು ಹೋಗುತ್ತಿದ್ದೆ. (ರೇಬೀಸ್ ಲಸಿಕೆ ಇಬ್ಬರಿಗೂ ಆಗಿತ್ತು. ಪ್ರೀತಿ ಬೇರೆ, ಅದು ಬೇರೆ.)

ಒಂದು ಸಂಜೆ ತಟ್ಟೆಯಲ್ಲಿ ಕೋಳಿ ಅನ್ನ ಅರ್ಧ ಉಳಿದಿರುವಾಗಲೇ ಬಂದು ನನ್ನ ಮೊಣಕಾಲಿಗೆ ಬೆನ್ನು ಒರಗಿಸಿ ಕೂತಳು. ತಲೆ ಸವರುವ ಆಸೆ ತಡೆದುಕೊಂಡೆ. ಮೇಲಿಂದ ಇಳಿಯುವ ಕೈ ಎಂದರೆ ಏಟು ಅಂತಲೇ ಬೀದಿ ನಾಯಿಯ ಲೆಕ್ಕ. ಬೆರಳ ಹಿಂಬದಿಯಿಂದ ಎದೆಯ ಹತ್ತಿರ ಸ್ವಲ್ಪ ಕೆರೆದು ಕೈ ಹಿಂದಕ್ಕೆ ತೆಗೆದೆ. ಬೇಡವಾಗಿದ್ದರೆ ಎದ್ದು ಹೋಗಬಹುದಿತ್ತು. ಅವಳು ಒದ್ದೆ ಮೂತಿಯಿಂದ ನನ್ನ ಮಣಿಕಟ್ಟನ್ನು ಎತ್ತಿದಳು. ಈಗಲೂ ಹಾಗೇ, ನಡುನಡುವೆ ನಿಲ್ಲಿಸಿ ಕೇಳಿಯೇ ಕೆರೆಯುವುದು.

ಅನ್ನದ ಋಣ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೋಲ್ಕತ್ತದ ಐಐಎಸ್‌ಇಆರ್ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೀದಿ ನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ: ಮತ್ತೆಮತ್ತೆ ಭೇಟಿಯಾದಾಗ ಅಪರಿಚಿತರ ಮೇಲೆ ನಂಬಿಕೆ ಹುಟ್ಟಿಸಿದ್ದು ತಿಂಡಿಗಿಂತ ಹೆಚ್ಚಾಗಿ ಮೈದಡವಿದ ಕೈ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಕಂಡದ್ದು, ಸಾಕಿದವರೂ ನಾಯಿಯೂ ಪರಸ್ಪರ ನೋಡುತ್ತ ಕೂತರೆ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮೊದಲು ಬೆದರಿಕೆಯಾಗಿದ್ದ ನೋಟವೇ ಆಮೇಲೆ ಕೆಂಚಿಗೆ ಬೇಕಾಯಿತು. ಈಗ ನಾನು ಪೇಪರ್ ಹಿಡಿದರೆ ಅದರ ಕೆಳಗಿನಿಂದ ಮೂತಿ ತೂರಿಸಿ ಮುಖ ನೋಡುತ್ತಾಳೆ.

ಊರಿಗೆ ಹೋಗುವಾಗ ಪಕ್ಕದ ಮನೆ ಹುಡುಗನಿಗೆ ಅನ್ನದ ಡಬ್ಬಿ ಕೊಟ್ಟು, "ಹಾಕಿಬಿಟ್ಟು ಓಡಿಬಿಡಬೇಡ ಕಣೋ, ಹತ್ತು ನಿಮಿಷ ಕೂತಿರು" ಅಂತ ಹೇಳಿ ಹೋಗುತ್ತೇನೆ. "ಮೊಬೈಲ್ ನೋಡ್ತಾ ಕೂತ್ರೆ ಆಗುತ್ತಾ ಆಂಟಿ?" ಅಂತ ಕೇಳಿದ. ಆಗುತ್ತಪ್ಪ, ಇನ್ನೊಂದು ಕೈ ಖಾಲಿ ಇದ್ದರೆ ಸಾಕು ಅಂದೆ.