ಹಾಲ್‌ಷ್ಟಾಟ್‌ನಲ್ಲಿ ಕಾರಿಗೆ ಜಾಗ ಸಿಗಲಿಲ್ಲ, ಒಳ್ಳೇದೇ ಆಯ್ತು

ಆಸ್ಟ್ರಿಯಾದ ಸಾಲ್ಸ್‌ಕಾಮರ್‌ಗೂಟ್ ಸರೋವರಗಳ ಸೀಮೆ. ಸಾಲ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಹೊರಟರೆ ಒಂದು ಸರೋವರ ಮುಗಿಯೋ ಹೊತ್ತಿಗೆ ಇನ್ನೊಂದು ಶುರು. ನಾನೂ ಹೆಂಡತಿಯೂ ಜೂನ್‌ನಲ್ಲಿ ಎಂಟು ರಾತ್ರಿ ಆ ಕಡೆ ಕಾರಿನಲ್ಲಿ ಸುತ್ತಿದೆವು. ಐದು ರಾತ್ರಿ ಸಾಂಕ್ಟ್ ಗಿಲ್ಗೆನ್‌ನಲ್ಲಿ, ಮೂರು ತ್ಸೆಲ್ ಆಮ್ ಸೇಯಲ್ಲಿ. ದಿನಾ ಹೋಟೆಲ್ ಬದಲಿಸಿದರೆ ರಜೆಯೆಲ್ಲಾ ಪೆಟ್ಟಿಗೆ ಕಟ್ಟೋದರಲ್ಲೇ ಹೋಗುತ್ತದೆ.

ಕಾರ್ ತಗೊಂಡಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಆಟೋಮ್ಯಾಟಿಕ್ಕೇ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿದ್ದೆ. ಸ್ಟೇರಿಂಗ್ ಎಡಕ್ಕೆ, ಓಡಿಸೋದು ರಸ್ತೆಯ ಬಲಕ್ಕೆ. ಇದರ ಜೊತೆ ಬಲಗೈಲಿ ಗೇರ್ ಹಾಕೋ ಕಷ್ಟ ಯಾಕೆ? ಆದರೂ ಮೊದಲ ದಿನ ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದೆ. ನಾಲ್ಕನೇ ಸಲ ಹೆಂಡತಿ, 'ರೀ, ಮಳೆ ನಿಂತು ಎಷ್ಟೋ ಹೊತ್ತಾಯ್ತು' ಅಂದಳು.

ಗಡಿ ದಾಟುವ ಮುಂಚೆ ಒಂದು ಕೆಲಸ ಇದೆ. ಆಸ್ಟ್ರಿಯಾದ ಮೋಟಾರ್‌ವೇಗೆ ವಿಗ್ನೆಟ್, ಅಂದರೆ ಮೊದಲೇ ಕೊಳ್ಳುವ ಟೋಲ್ ಪಾಸ್, ಬೇಕು. ನಾವು 10 ದಿನದ್ದು ತಗೊಂಡೆವು. ಸರೋವರಗಳ ಪಕ್ಕದ ಸಣ್ಣ ರಸ್ತೆಗಳಿಗೆ ಅದು ಬೇಡ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ಟೂ ಇತ್ತು.

ಸರೋವರದ ದಡದ ಪುಟ್ಟ ಊರು ಹಾಲ್‌ಷ್ಟಾಟ್‌ಗೆ ಹೊರಟ ದಿನ ತಡವಾಗಿ ಎದ್ದೆವು. ತಲುಪಿದಾಗ ಹನ್ನೊಂದು ಗಂಟೆ. ಅಲ್ಲಿ ಊರೊಳಗೆ ಹೊರಗಿನವರ ಕಾರ್ ಬಿಡುವುದಿಲ್ಲ. ಊರಾಚೆಯ ಪಾರ್ಕಿಂಗ್‌ನಲ್ಲೇ ನಿಲ್ಲಿಸಬೇಕು. ಬೋರ್ಡ್ ನೋಡಿದರೆ ಎಲ್ಲ ಭರ್ತಿ! ಎಂಟುನೂರು ಜನರೂ ಇಲ್ಲದ ಊರು, ಬರುವವರು ಲೆಕ್ಕಕ್ಕಿಲ್ಲ. ಸಿಟ್ಟಲ್ಲೇ ಮುಂದೆ ಹೋಗಿ ಸರೋವರದ ದಕ್ಷಿಣ ತುದಿಯ ಒಬರ್‌ಟ್ರೌನ್ ಸೇರಿದೆವು. ಅಲ್ಲಿ ಕಾರ್ ನಿಲ್ಲಿಸಿ ರೈಲು ಹತ್ತಿದೆವು. ಹಾಲ್‌ಷ್ಟಾಟ್ ಸ್ಟೇಷನ್ ಇರೋದು ಊರಲ್ಲಲ್ಲ, ಎದುರು ದಡದಲ್ಲಿ. ಇಳಿದವರೆಲ್ಲ ದೋಣಿ ಹತ್ತಬೇಕು.

ನೀರಿನ ಮೇಲಿಂದ ನೋಡಿದಾಗಲೇ ಆ ಊರು ಅರ್ಥವಾಗಿದ್ದು. ಬೆಟ್ಟ ನೇರವಾಗಿ ಸರೋವರಕ್ಕೆ ಇಳಿದಿದೆ. ಮಧ್ಯೆ ಸಿಕ್ಕ ಚೂರು ಜಾಗದಲ್ಲಿ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿವೆ. ಪಾರ್ಕಿಂಗ್ ಸಿಕ್ಕಿದ್ದರೆ ಊರಿನ ಹಿಂಬಾಗಿಲಿಂದ ನುಗ್ಗಿ ಇದನ್ನು ತಪ್ಪಿಸಿಕೊಳ್ಳುತ್ತಿದ್ದೆವು.

ಜಾಗದ ಕೊರತೆ ಸತ್ತವರನ್ನೂ ಬಿಟ್ಟಿಲ್ಲ. ಸ್ಮಶಾನ ಪುಟ್ಟದು. ಹಾಗಾಗಿ ಹಿಂದೆ ಕೆಲವು ವರ್ಷಗಳಾದ ಮೇಲೆ ಮೂಳೆ ತೆಗೆದು ಪಕ್ಕದ ಪುಟ್ಟ ಕೋಣೆಯಲ್ಲಿ ಇಡುತ್ತಿದ್ದರು. 600ಕ್ಕೂ ಹೆಚ್ಚು ತಲೆಬುರುಡೆಗಳ ಮೇಲೆ ಬಣ್ಣದ ಚಿತ್ರಗಳಿವೆ. ಹಣೆಗೆ ಎಲೆಬಳ್ಳಿ, ಹೂವು, ಕೆಳಗೆ ಹೆಸರು. ನನಗೆ ಭಯ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಮನೆಯವರ ಹೆಸರನ್ನು ಯಾರೋ ಅಕ್ಕರೆಯಿಂದ ಬರೆದಿಟ್ಟ ಹಾಗಿತ್ತು. ಮೇಲಿನ ಉಪ್ಪಿನ ಗಣಿಗೆ ಹೋಗಲಿಲ್ಲ, ಸಾಲು ದೊಡ್ಡದಿತ್ತು.

ಮಾರನೇ ದಿನದಿಂದ ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದೆವು. ಗೋಸೌ ಸರೋವರಕ್ಕಂತೂ ಅದೇ ಸರಿಯಾದ ಹೊತ್ತು. ಗಾಳಿ ಏಳುವ ಮುಂಚೆ 2995 ಮೀಟರ್ ಎತ್ತರದ ಡಾಖ್‌ಷ್ಟೈನ್ ಬೆಟ್ಟ, ಹಿಮದ ಸಮೇತ, ನೀರಲ್ಲಿ ತಲೆಕೆಳಗಾಗಿ ನಿಂತಿತ್ತು. ಒಂಬತ್ತರ ಹೊತ್ತಿಗೆ ಸಣ್ಣ ಗಾಳಿ ಬೀಸಿತು, ಬೆಟ್ಟ ಚೂರು ಚೂರಾಯಿತು.

ತ್ಸೆಲ್ ಆಮ್ ಸೇಗೆ ಹೋಗಿದ್ದೇ ಗ್ರೋಸ್‌ಗ್ಲಾಕ್ನರ್ ಅನ್ನೋ ಬೆಟ್ಟದ ರಸ್ತೆಗಾಗಿ. 1935ರಲ್ಲಿ ತೆರೆದ 48 ಕಿಲೋಮೀಟರ್ ರಸ್ತೆ, 36 ಹೇರ್‌ಪಿನ್ ತಿರುವು. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಂದು ದಿನಕ್ಕೆ 40 ಯೂರೋಗಿಂತ ಜಾಸ್ತಿ ಟೋಲ್, ದುಬಾರಿಯೇ. ಆದರೆ ಅರ್ಧ ದಿನದಲ್ಲಿ ಮುಗಿಸಬೇಡಿ. ತಿರುವುಗಳಿಗೆ ನಂಬರ್ ಇದೆ, ಪಕ್ಕದಲ್ಲಿ ಎತ್ತರವೂ ಬರೆದಿದೆ. ಹೆಂಡತಿ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದಳು. 2504 ಮೀಟರ್ ಎತ್ತರದ ಹೋಖ್‌ಟೋರ್ ಅನ್ನೋ ಕಣಿವೆದಾರಿಯಲ್ಲಿ, ಜೂನ್‌ನಲ್ಲೂ, ರಸ್ತೆ ಬದಿ ಹಿಮದ ಗೋಡೆ.

ಹತ್ತೋದು ಸುಲಭ. ಕಷ್ಟ ಇರೋದು ಇಳಿಯೋದರಲ್ಲಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ನಾನು ಆಟೋಮ್ಯಾಟಿಕ್ಕನ್ನು ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡನೇ ಗೇರ್‌ನಲ್ಲೇ ಬಿಟ್ಟೆ. ಎಂಜಿನ್ ಗೊರಗೊರ ಅಂದರೂ ಕಾರ್ ತಾನೇ ನಿಧಾನವಾಗಿ ಇಳಿಯಿತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಎದೆ ಧಸಕ್ಕೆಂದಿತು. ಪಕ್ಕಕ್ಕೆ ನಿಲ್ಲಿಸಿ, ಇಳಿದು, ನಾಲ್ಕೂ ಚಕ್ರ ಮೂಸಿ ನೋಡಿದೆ. ನಮ್ಮದಲ್ಲ, ಮುಂದಿನ ಕಾರಿನದ್ದು.