ಡ್ರಿಫ್ಟೋ, ಆಯ್ಕೆಯೋ? ಅಲಸಂದೆ ಕಾಳಿನ ಪಾಠ

ಬಿಎಸ್ಸಿ ಮಕ್ಕಳಿಗೆ ವಿಕಾಸ ಅಂದರೆ ಡಾರ್ವಿನ್, ಡಾರ್ವಿನ್ ಅಂದರೆ ನೈಸರ್ಗಿಕ ಆಯ್ಕೆ. ಜೆನೆಟಿಕ್ ಡ್ರಿಫ್ಟ್, ಅಂದರೆ ಜೀನಿನ ರೂಪಗಳು ಬರೀ ಆಕಸ್ಮಿಕವಾಗಿ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುಕಡಿಮೆ ಆಗೋದು, ಎರಡು ಅಂಕದ ಪ್ರಶ್ನೆ, ಅಷ್ಟೆ. ಕೈಯಾರೆ ಮಾಡಿ ನೋಡದೆ ಇದು ತಲೆಗೆ ಹತ್ತಲ್ಲ ಅನ್ನಿಸಿ ನಾನು ಪ್ರಾಕ್ಟಿಕಲ್‌ಗೆ ಅಲಸಂದೆ ಕಾಳು ತರಿಸಿದೆ.

ಒಂದೊಂದು ಗುಂಪಿಗೆ ಒಂದು ಸ್ಟೀಲ್ ಲೋಟ. ಅದರಲ್ಲಿ ಐದು ಕೆಂಪು, ಐದು ಬಿಳಿ ಕಾಳು. ಐದು ಜೀವಿಗಳು, ಪ್ರತಿಯೊಂದರಲ್ಲೂ ಒಂದು ಜೀನಿನ ಎರಡು ಪ್ರತಿ ಅಂದುಕೊಳ್ಳಿ; ಕೆಂಪು, ಬಿಳಿ ಅಂದರೆ ಆ ಜೀನಿನ ಎರಡು ರೂಪ, ಅಂದರೆ ಅಲೀಲ್. ಕಣ್ಣು ಮುಚ್ಚಿ ಒಂದು ಕಾಳು ಎತ್ತಬೇಕು, ಬಣ್ಣ ಬರೆದುಕೊಳ್ಳಬೇಕು, ವಾಪಸ್ ಹಾಕಿ ಕುಲುಕಬೇಕು. ಹೀಗೆ ಹತ್ತು ಸಲ. ಏಳು ಕೆಂಪು, ಮೂರು ಬಿಳಿ ಬಂತಾ? ಮುಂದಿನ ಪೀಳಿಗೆಯ ಲೋಟಕ್ಕೆ ಅಷ್ಟಷ್ಟೇ ಕಾಳು. ಒಂದು ಬಣ್ಣ ಪೂರ್ತಿ ಖಾಲಿಯಾಗುವವರೆಗೂ ಇದೇ ಕೆಲಸ. ಕಾಳು ಮಾತ್ರ ಒಂದೇ ಗಾತ್ರದವು ಇರಲಿ. ಕೆಂಪು ಕಾಳು ಚೂರು ದಪ್ಪಗಿದ್ದರೂ ಬೆರಳಿಗೆ ಅದೇ ಜಾಸ್ತಿ ಸಿಗುತ್ತದೆ. ಆಗ ಅದು ಡ್ರಿಫ್ಟ್ ಅಲ್ಲ, ಆಯ್ಕೆಯೇ ಆಗಿಹೋಯಿತು!

ಲೆಕ್ಕದ ಪ್ರಕಾರ ಸರಾಸರಿ 14 ಪೀಳಿಗೆಗೆ ಆಟ ಮುಗಿಯುತ್ತದೆ. ಲೋಟ ಕೆಂಪಾದವರು "ಮೇಡಂ, ಕೆಂಪು ಕಾಳೇ ಸ್ಟ್ರಾಂಗು" ಅಂತಾರೆ. ಪಕ್ಕದ ಬೆಂಚಿನವರ ಲೋಟ ನೋಡಿ ಅಂತೀನಿ. ಅಲ್ಲಿ ಪೂರ್ತಿ ಬಿಳಿ.

ಆಮೇಲೆ ಆಯ್ಕೆಯ ಸರದಿ. ಬಿಳಿ ಕಾಳು ಬಂದಾಗಲೆಲ್ಲ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಲೆಕ್ಕಕ್ಕೆ, ಟೈಲ್ ಬಿದ್ದರೆ ವಾಪಸ್ ಹಾಕಿ ಮತ್ತೆ ಎತ್ತಬೇಕು. ಈಗ ಹೆಚ್ಚುಕಡಿಮೆ ಎಲ್ಲ ಲೋಟಗಳೂ ಕೆಂಪಿಗೇ ವಾಲುತ್ತವೆ. ಒಂದೇ ಲೋಟ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯೋದಿಲ್ಲ. ಎಲ್ಲವನ್ನೂ ಸಾಲಾಗಿಟ್ಟು ನೋಡಿದರೇ ತಿಳಿಯೋದು.

ಪೀಟರ್ ಬುರಿ ಹಣ್ಣುನೊಣಗಳಲ್ಲಿ ಮಾಡಿದ್ದೂ ಇದನ್ನೇ. 1956ರಲ್ಲಿ ಪ್ರಕಟವಾದ ಕೆಲಸ ಅದು. 107 ಗುಂಪು, ಒಂದೊಂದರಲ್ಲಿ ಎಂಟು ಗಂಡು, ಎಂಟು ಹೆಣ್ಣು. ಕಣ್ಣಿನ ಬಣ್ಣದ ಒಂದು ಅಲೀಲ್ ಎಲ್ಲ ಕಡೆ ಅರ್ಧಕ್ಕರ್ಧ. 19 ಪೀಳಿಗೆ ಕಳೆದಾಗ 30 ಗುಂಪುಗಳಲ್ಲಿ ಆ ಅಲೀಲ್ ಮಾಯವಾಗಿತ್ತು, 28ರಲ್ಲಿ ಅದೊಂದೇ ಉಳಿದಿತ್ತು.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ನಾಣ್ಯದ ನಿಯಮ ಹಾಗೇ ಇರಲಿ, ಒಂದೇ ಒಂದು ಕೆಂಪು ಕಾಳು, ಒಂಬತ್ತು ಬಿಳಿಯಿಂದ ಶುರು ಮಾಡಿ. ಬಿಳಿಗಿಂತ ಎರಡು ಪಟ್ಟು ಅನುಕೂಲ ಇದ್ದರೂ ನಾಲ್ಕೈದು ಲೋಟಗಳಲ್ಲಿ ಒಂದರಲ್ಲಿ ಕೆಂಪು ಅಳಿದೇ ಹೋಗುತ್ತದೆ. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪಲ್ಲ, "ಒಳ್ಳೆ ಜೀನ್ ಅಲ್ವಾ ಮೇಡಂ, ಹೇಗೆ ಹೋಗುತ್ತೆ?" ಅಂತ ವಾದಕ್ಕೇ ನಿಲ್ಲುತ್ತಾರೆ. ಆಗ ಕಂಪ್ಯೂಟರ್ ಬೇಕಾಗುತ್ತದೆ. ಎಕ್ಸೆಲ್ ಸಾಕು, ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಅನುಕೂಲವನ್ನು ಶೇ. 1ಕ್ಕೆ ಇಳಿಸಿ. ಹತ್ತು ಪ್ರತಿಗಳ ಗುಂಪಿನಲ್ಲಿ ಒಂಟಿ ಕೆಂಪು ಗೆಲ್ಲುವ ಸಾಧ್ಯತೆ ಸುಮಾರು ಶೇ. 11. ಏನೂ ಅನುಕೂಲ ಇಲ್ಲದಿದ್ದರೂ ಶೇ. 10 ಇದ್ದೇ ಇತ್ತು! ನೂರು ಪ್ರತಿಗಳ ಗುಂಪಿನಲ್ಲಿ ಅನುಕೂಲ ಇಲ್ಲದಿದ್ದರೆ ಶೇ. 1 ಇರಬೇಕಾದ ಸಾಧ್ಯತೆ ಈಗ ಶೇ. 2 ದಾಟುತ್ತದೆ. ಗುಂಪು ದೊಡ್ಡದಾದಷ್ಟೂ ಆಯ್ಕೆಯ ಕೈ ಮೇಲಾಗುತ್ತದೆ. ಜೀನುಗಳ ಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಆಯ್ಕೆಯಿಂದಲ್ಲ, ಡ್ರಿಫ್ಟ್‌ನಿಂದ ಅನ್ನುವ, 1968ರಲ್ಲಿ ಮೊಟೊ ಕಿಮುರ ಮಂಡಿಸಿದ ತಟಸ್ಥ ವಿಕಾಸದ ಸಿದ್ಧಾಂತವನ್ನು ನಾನು ಇದಾದ ಮೇಲೆಯೇ ಹೇಳೋದು. ಮೊದಲೇ ಹೇಳಿದರೆ ಸುಮ್ನೆ ಬರೆದುಕೊಳ್ಳುತ್ತಾರೆ.

ಕಾಡಿನಲ್ಲಿ ನಮಗೆ ಸಿಗೋದು ಒಂದೇ ಲೋಟ. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ 2021ರಲ್ಲಿ ಇದರ ಮೂಲವನ್ನು ಟಾಕ್‌ಪೆಪ್ ಎಂಬ ಜೀನಿನಲ್ಲಿ ಗುರುತಿಸಿತು. ಕಪ್ಪು ಬಣ್ಣ ಕತ್ತಲ ಕಾಡಿನಲ್ಲಿ ಅವಿತುಕೊಳ್ಳಲು ಒಳ್ಳೆಯದು, ಹಾಗಾಗಿ ಆಯ್ಕೆ ಅಂತ ಮಕ್ಕಳು ತಕ್ಷಣ ಕಥೆ ಕಟ್ಟುತ್ತಾರೆ. ಇರಬಹುದು. ಆದರೆ ಆ ಹುಲಿಗಳು ಬೇರೆ ಹುಲಿಗಳ ಸಂಪರ್ಕವಿಲ್ಲದ ಸಣ್ಣ ಗುಂಪು. ಅಂಥ ಕಡೆ ಅಪರೂಪದ ಅಲೀಲ್ ಹೆಚ್ಚಾಗಲು ಡ್ರಿಫ್ಟ್ ಒಂದೇ ಸಾಕು. ಆಯ್ಕೆ ಅನ್ನುವವರು ಡ್ರಿಫ್ಟ್‌ನಿಂದ ಇಷ್ಟು ಆಗೋದಿಲ್ಲ ಅಂತ ಮೊದಲು ತೋರಿಸಬೇಕು.